ಗನ್‌ಪ್ಲಾ ಕೊಳ್ಳುವ ಮುನ್ನ ಅಚ್ಚಿನ ವಯಸ್ಸು ಕೇಳಿ

ಪೀಣ್ಯದ ಟೂಲ್‌ರೂಮೊಂದರಲ್ಲಿ ಪ್ಲಾಸ್ಟಿಕ್ ಅಚ್ಚುಗಳ ವಿನ್ಯಾಸ ಮಾಡುವುದು ನನ್ನ ಉದ್ಯೋಗ. ಸ್ವಿಚ್ ಪ್ಲೇಟು, ಮಿಕ್ಸಿಯ ಹಿಡಿ, ಬೈಕಿನ ಇಂಡಿಕೇಟರ್ ಕವಚ ಇಂಥವುಗಳ ಡೈ ನಮ್ಮಲ್ಲಿ ತಯಾರಾಗುತ್ತವೆ. ಅಕ್ಕನ ಮಗನಿಗೆ ಗನ್‌ಪ್ಲಾ ಹುಚ್ಚು ಹತ್ತಿದಾಗಿನಿಂದ ನೆಂಟರಿಷ್ಟರಲ್ಲಿ ಯಾರ ಮಗುವಿಗೆ ರೋಬೋ ಕಿಟ್ ಬೇಕಾದರೂ ಮೊದಲ ಫೋನು ನನಗೇ ಬರುತ್ತದೆ. "ಯಾವುದು ಒಳ್ಳೇದು?" ಎಂದು ಎಲ್ಲರೂ ಕೇಳುತ್ತಾರೆ. ಬೆಲೆ ನೋಡಿ ಇದಕ್ಕೆ ಉತ್ತರ ಹೇಳಲಾಗದು, ಅಚ್ಚು ನೋಡಿ ಹೇಳಬಹುದು.

ಗಂಡಮ್ ಎಂಬ ಜಪಾನಿ ರೋಬೋಗಳ ಪ್ಲಾಸ್ಟಿಕ್ ಮಾಡೆಲ್‌ಗಳಿಗೆ ಗನ್‌ಪ್ಲಾ ಎನ್ನುತ್ತಾರೆ. 1979ರ ಏಪ್ರಿಲ್‌ನಲ್ಲಿ 'ಮೊಬೈಲ್ ಸೂಟ್ ಗಂಡಮ್' ಧಾರಾವಾಹಿ ಜಪಾನಿನ ಟಿವಿಯಲ್ಲಿ ಶುರುವಾಯಿತು. ಯೋಶಿಯುಕಿ ತೊಮಿನೊ ನಿರ್ದೇಶಕರು, ಯಂತ್ರಗಳ ವಿನ್ಯಾಸ ಕುನಿಯೊ ಒಕವಾರಾ ಅವರದು. ಇದರ ರೋಬೋಗಳಿಗೆ ಮಂತ್ರಶಕ್ತಿ ಇರಲಿಲ್ಲ. ಅವು ಕಾರ್ಖಾನೆಯಲ್ಲಿ ತಯಾರಾಗಿ, ರಿಪೇರಿ ಮಾಡಿಸಿಕೊಂಡು ಯುದ್ಧಕ್ಕೆ ಹೋಗುವ ಯಂತ್ರಗಳು. ಆಗ ನೋಡುಗರು ಕಡಿಮೆ ಇದ್ದುದರಿಂದ 52 ಕಂತು ಬರಬೇಕಿದ್ದದ್ದು 43ಕ್ಕೇ ನಿಂತಿತು. ಆಮೇಲೆ 1980ರ ಜುಲೈಯಲ್ಲಿ ಬಂದಾಯಿ ಕಂಪನಿ ಮೊದಲ ಕಿಟ್ ಬಿಟ್ಟಿತು. ಬೆಲೆ 300 ಯೆನ್. ಅಂಟು ಹಚ್ಚಿ ಜೋಡಿಸಬೇಕು, ಬಣ್ಣ ನಾವೇ ಬಳಿಯಬೇಕು. ಆದರೂ ಮಕ್ಕಳು ಅಂಗಡಿಗಳ ಮುಂದೆ ಸಾಲು ನಿಂತರು. ಧಾರಾವಾಹಿ ಉಳಿದು ಬೆಳೆದದ್ದರಲ್ಲಿ ಈ ಪುಟ್ಟ ಕಿಟ್‌ಗಳ ಪಾಲು ದೊಡ್ಡದು.

ಆ ಮೊದಲ ಗಂಡಮ್‌ನ ಹೆಸರು ಆರ್‌ಎಕ್ಸ್-78-2. ಕಥೆಯ ಪ್ರಕಾರ ಅದರ ಎತ್ತರ 18 ಮೀಟರ್. 1/144 ಅಳತೆಯಲ್ಲಿ ಅದು ಹನ್ನೆರಡೂವರೆ ಸೆಂಟಿಮೀಟರ್, 1/100ರಲ್ಲಿ 18 ಸೆಂಟಿಮೀಟರ್, 1/60ರಲ್ಲಿ 30 ಸೆಂಟಿಮೀಟರ್ ಆಗುತ್ತದೆ. ಇದೇ ಗಂಡಮ್‌ಗೆ, ಇದೇ 1/144 ಅಳತೆಯಲ್ಲಿ, ಬಂದಾಯಿ ಮತ್ತೆ ಮತ್ತೆ ಹೊಸ ಅಚ್ಚು ಕೊರೆದಿದೆ. ಮುಖ್ಯವಾದವನ್ನಷ್ಟೇ ಹೇಳುವುದಾದರೆ 1980, 1990, 2001, 2010, 2015, 2020, 2024. ಹಳೆಯ ಅಚ್ಚುಗಳ ಕಿಟ್‌ಗಳೂ ಆಗಾಗ ಮತ್ತೆ ತಯಾರಾಗಿ ಅಂಗಡಿಗೆ ಬರುತ್ತವೆ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಎಲ್ಲವೂ ಅದೇ ಬಿಳಿ-ನೀಲಿ-ಕೆಂಪು ರೋಬೋ. ಒಳಗಿರುವ ಮಾಲು ಮಾತ್ರ ಅಜಗಜಾಂತರ. 2001ರ ಕಿಟ್‌ನ ಮೊಣಕೈ ತೊಂಬತ್ತು ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. 2015ರದ್ದು ಭುಜದ ತನಕ ಮಡಚುತ್ತದೆ, ಸೊಂಟವೂ ಬಾಗುತ್ತದೆ. ಹಾಗಾಗಿ ನನ್ನ ಮೊದಲ ಸಲಹೆ: ರೋಬೋದ ಹೆಸರಿನ ಜೊತೆ ಆ ಕಿಟ್ ಮೊದಲು ಬಂದ ಇಸವಿಯನ್ನೂ ವಿಚಾರಿಸಿ. ಒಂದೇ ಗ್ರೇಡಿನಲ್ಲಿ ಎರಡಿದ್ದರೆ ಹೊಸದನ್ನೇ ಕೊಳ್ಳಿ.

ಇನ್ನು ಈ ಗ್ರೇಡುಗಳ, ಅಂದರೆ ಕಿಟ್ ದರ್ಜೆಗಳ, ವಿಷಯ. 1990ರಲ್ಲಿ ಹೈ ಗ್ರೇಡ್ ಬಂತು, 1995ರಲ್ಲಿ ಮಾಸ್ಟರ್ ಗ್ರೇಡ್, 1998ರಲ್ಲಿ ಪರ್ಫೆಕ್ಟ್ ಗ್ರೇಡ್, 2010ರಲ್ಲಿ ರಿಯಲ್ ಗ್ರೇಡ್. ಹೈ ಮತ್ತು ರಿಯಲ್ ಎರಡೂ 1/144, ಮಾಸ್ಟರ್ 1/100, ಪರ್ಫೆಕ್ಟ್ 1/60. 2020ರಲ್ಲಿ ಬಂದ ಎಂಟ್ರಿ ಗ್ರೇಡ್‌ನ ಆರ್‌ಎಕ್ಸ್-78-2 ಕಿಟ್‌ನ ಆಗಿನ ಬೆಲೆ ತೆರಿಗೆ ಬಿಟ್ಟು 700 ಯೆನ್. ಅದರ ಬಿಡಿಭಾಗಗಳನ್ನು ಕೈಯಲ್ಲೇ ಮುರಿದು ತೆಗೆಯಬಹುದು, ಕಟ್ಟರ್ ಬೇಡ, ಅಂಟು ಬೇಡ, ಸ್ಟಿಕ್ಕರ್ ಕೂಡ ಬೇಡ. ಅದೇ ವರ್ಷದ ಪರ್ಫೆಕ್ಟ್ ಗ್ರೇಡ್ ಅನ್‌ಲೀಶ್ಡ್ ಬೆಲೆ ಆಗ 25,000 ಯೆನ್. ಎರಡೂ ಒಂದೇ ರೋಬೋ.

"ಚಿಕ್ಕಮ್ಮ, ಕೊಡಿಸೋದಾದ್ರೆ ದೊಡ್ಡದೇ ಕೊಡ್ಸಿ" ಎಂದು ಅಕ್ಕನ ಮಗ ಹಟ ಹಿಡಿದಿದ್ದ. ನಾನು ಎಂಟ್ರಿ ಗ್ರೇಡ್ ತರಿಸಿಕೊಟ್ಟೆ. ಮುಖ ಊದಿಸಿಕೊಂಡೇ ಕೂತವನು ರಾತ್ರಿಯ ಊಟದ ಹೊತ್ತಿಗೆ ಮುಗಿಸಿ ತಂದು ತಟ್ಟೆಯ ಪಕ್ಕ ನಿಲ್ಲಿಸಿದ. ಮೊದಲ ಕಿಟ್ ಒಂದೇ ಕೂರಿಕೆಯಲ್ಲಿ ಮುಗಿಯಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಮುಗಿಸಿದ ಮಗು ಇನ್ನೊಂದನ್ನು ಕೇಳುತ್ತದೆ. ನೂರಾರು ಭಾಗಗಳ ಪರ್ಫೆಕ್ಟ್ ಗ್ರೇಡನ್ನು ಮೊದಲಿಗೇ ಕೊಟ್ಟರೆ ಅದು ಅರ್ಧಕ್ಕೆ ನಿಂತು ಅಟ್ಟ ಸೇರುತ್ತದೆ.

ಎರಡನೆಯದಾಗಿ ಹೈ ಗ್ರೇಡ್ ತೆಗೆದುಕೊಳ್ಳಿ. 2022ರ 'ದಿ ವಿಚ್ ಫ್ರಮ್ ಮರ್ಕ್ಯುರಿ' ಸರಣಿಯ ಏರಿಯಲ್ ಎಂಬ ಗಂಡಮ್ ನನ್ನ ಆಯ್ಕೆ. ಭಾಗಗಳು ಸಲೀಸಾಗಿ ಕೂರುತ್ತವೆ, ಬಣ್ಣಗಳು ಪ್ಲಾಸ್ಟಿಕ್‌ನಲ್ಲೇ ಇವೆ, ನಿಂತ ಭಂಗಿ ಚೆಂದ. ಗಂಡಮ್‌ನ ಮುಖ್ಯ ಟಿವಿ ಸರಣಿಗಳಲ್ಲಿ ಹುಡುಗಿಯೇ ನಾಯಕಿಯಾದದ್ದು ಅದರಲ್ಲೇ ಮೊದಲು. ಹೆಣ್ಣುಮಕ್ಕಳಿರುವ ಮನೆಗೆ ನಾನು ಅದನ್ನೇ ಹೇಳುತ್ತೇನೆ.

ರಿಯಲ್ ಗ್ರೇಡ್ ಚಿಕ್ಕದಾಗಿರುವುದರಿಂದ ಸುಲಭ ಎಂದು ಮೋಸಹೋಗುವವರು ಬಹಳ. ಅಂಗೈಯಗಲದ ಆ ಗೊಂಬೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಭಾಗಗಳೂ ಇರುತ್ತವೆ. ಆದರೆ ನನ್ನ ಕಸುಬಿನವರು ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಬೇಕಾದದ್ದು ಇದರ ಆರಂಭದ ಕಿಟ್‌ಗಳನ್ನೇ. ಪೆಟ್ಟಿಗೆ ತೆರೆದರೆ ರನ್ನರ್‌ಗೆ, ಅಂದರೆ ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಚೌಕಟ್ಟಿಗೆ, ಅಂಟಿಕೊಂಡಂತೆ ಒಂದು ಬೂದು ಬಣ್ಣದ ಕಾಲು ಇರುತ್ತದೆ. ಕತ್ತರಿಸಿ ತೆಗೆದು ಬಾಗಿಸಿದರೆ ಮಂಡಿ ಮಡಚುತ್ತದೆ, ಪಾದ ತಿರುಗುತ್ತದೆ. ಯಾರೂ ಅದನ್ನು ಜೋಡಿಸಿಲ್ಲ. ಒಂದಕ್ಕೊಂದು ಅಂಟದ ಬೇರೆ ಬೇರೆ ಪ್ಲಾಸ್ಟಿಕ್‌ಗಳನ್ನು ಅಚ್ಚಿನೊಳಗೇ ಒಂದರ ಸುತ್ತ ಒಂದನ್ನು ಹರಿಸಿ, ಕೀಲುಗಳಿರುವ ಅಸ್ಥಿಪಂಜರವನ್ನು ಸಿದ್ಧವಾಗಿಯೇ ಹೊರತೆಗೆದಿದ್ದಾರೆ. ಒಂದೇ ರನ್ನರ್‌ನಲ್ಲಿ ನಾಲ್ಕು ಬಣ್ಣಗಳನ್ನು ಒಟ್ಟಿಗೆ ಸುರಿಯುವ ಯಂತ್ರವೂ ಬಂದಾಯಿಯವರ ಬಳಿ ಇದೆ. ಈ ಕೆಲಸವೆಲ್ಲ ನಡೆಯುವುದು ಜಪಾನಿನ ಶಿಜುವೊಕಾ ನಗರದಲ್ಲಿ. ಮಾಡೆಲ್ ಕಿಟ್‌ಗಳ ಇನ್ನೊಂದು ಕಂಪನಿ ತಮಿಯಾದ ಊರೂ ಅದೇ. ಅಲ್ಲಿನ ಅಚ್ಚು ಕೆಲಸದವರಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಆ ಚಮತ್ಕಾರದಲ್ಲೂ ಒಂದು ಕೊರತೆ ಇದೆ. ಅಂಥ ಸಿದ್ಧ ಕೀಲುಗಳು ಹೆಚ್ಚು ಆಡಿಸಿದರೆ ಸಡಿಲಾಗುತ್ತವೆ. ದಿನವೂ ಆಡುವ ಮಗುವಿಗೆ ಹೈ ಗ್ರೇಡೇ ಸರಿ. ರಿಯಲ್ ಗ್ರೇಡ್ ಬೇಕೆನ್ನುವವರು 2019ರ 'ನ್ಯೂ (ν) ಗಂಡಮ್' ಕಿಟ್ ನೋಡಿ, ಕೀಲುಗಳು ಬಿಗಿಯಾಗಿವೆ. ಒಳಗಿನ ಯಂತ್ರದ ರಚನೆ ಅರ್ಥವಾಗಬೇಕು, ಕೈಗೂ ಕಣ್ಣಿಗೂ ತ್ರಾಸವಾಗಬಾರದು ಎನ್ನುವ ದೊಡ್ಡವರಿಗೆ ಮಾಸ್ಟರ್ ಗ್ರೇಡ್ ಹೇಳಿ ಮಾಡಿಸಿದ್ದು. ಮೊದಲು ಒಳಚೌಕಟ್ಟು ಕಟ್ಟಿ, ಆಮೇಲೆ ಕವಚ ತೊಡಿಸುವ ಕ್ರಮ ಅದರದು. ಆ ಗ್ರೇಡಿನ 2019ರ ಬಾರ್ಬಟೋಸ್ ಗಂಡಮ್‌ನಲ್ಲಿ ಕಾಲು ಮಡಚಿದಾಗ ಪಿಸ್ಟನ್‌ಗಳು ಹಿಂದೆಮುಂದೆ ಸರಿಯುವುದನ್ನು ಕಣ್ಣಾರೆ ನೋಡಬಹುದು.

ಸಾಮಾನು ಹೆಚ್ಚು ಬೇಡ. ಒಂದು ಒಳ್ಳೆಯ ನಿಪ್ಪರ್, ಒಂದು ಸಣ್ಣ ಬ್ಲೇಡು, 400, 600, 1000 ನಂಬರಿನ ಉಪ್ಪುಕಾಗದ ಸಾಕು. ಭಾಗವನ್ನು ರನ್ನರ್‌ಗೆ ಹಿಡಿದಿರುವ ಕಡ್ಡಿಗೆ ಗೇಟ್ ಎನ್ನುತ್ತೇವೆ. ಅದನ್ನು ಎರಡು ಸಲಕ್ಕೆ ಕತ್ತರಿಸಿ. ಮೊದಲು ಭಾಗದಿಂದ ದೂರಕ್ಕೆ ಕತ್ತರಿಸಿ ಬಿಡಿಸಿಕೊಳ್ಳಿ, ಆಮೇಲೆ ಉಳಿದ ತುಣುಕನ್ನು ನಿಧಾನವಾಗಿ ಸವರಿ. ಒಂದೇ ಏಟಿಗೆ ಕತ್ತರಿಸಿದರೆ ಒತ್ತಡಕ್ಕೆ ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ, ಗಾಢ ನೀಲಿ ಭಾಗದಲ್ಲಿ ಅದು ಎದ್ದು ಕಾಣುತ್ತದೆ. ಕವಚದ ಗೆರೆಗಳಿಗೆ ಕಪ್ಪು ತುಂಬುವ ಆಸೆಯಿದ್ದರೆ ತೆಳು ಗಂಡಮ್ ಮಾರ್ಕರ್ ಪೆನ್ನಿನಿಂದ ಶುರುಮಾಡಿ. ಎನಾಮೆಲ್ ಬಣ್ಣ ಬೇಡ, ಅದರ ತಿನ್ನರ್ ಎಬಿಎಸ್ ಪ್ಲಾಸ್ಟಿಕ್‌ನ ಕೀಲುಗಳೊಳಗೆ ಇಳಿದರೆ ಅವು ಸೀಳಿಹೋಗುತ್ತವೆ.

ಅಗ್ಗದ ನಕಲಿ ಕಿಟ್‌ಗಳ ಬಗ್ಗೆಯೂ ಒಂದು ಮಾತು. ಈ ಕಿಟ್‌ಗಳ ಪ್ಲಾಸ್ಟಿಕ್ ಆದ ಪಾಲಿಸ್ಟೈರೀನ್ ಕಾದು ತಣ್ಣಗಾಗುವಾಗ ಸುಮಾರು ಶೇಕಡಾ 0.5ರಷ್ಟು ಕುಗ್ಗುತ್ತದೆ. ಅಚ್ಚು ಕೊರೆಯುವಾಗ ನಾವು ಆ ಲೆಕ್ಕ ಸೇರಿಸಿಯೇ ಅಳತೆ ಇಡುತ್ತೇವೆ. ಸಿದ್ಧ ಭಾಗವನ್ನು ನೋಡಿ ನಕಲು ಅಚ್ಚು ಮಾಡುವವರು ಇದರಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಮೊಳೆ ರಂಧ್ರದಲ್ಲಿ ಕೂರುವುದಿಲ್ಲ, ಕೂತರೆ ನಿಲ್ಲುವುದಿಲ್ಲ. ಆಮದು ಸುಂಕ ಸೇರಿ ನಮ್ಮಲ್ಲಿ ಅಸಲಿ ಕಿಟ್ ತುಟ್ಟಿ ನಿಜ. ದೊಡ್ಡ ನಕಲಿಗೆ ಕೊಡುವ ಹಣದಲ್ಲಿ ಸಣ್ಣ ಅಸಲಿ ಕೊಂಡರೆ ಕಟ್ಟುವವರ ಉತ್ಸಾಹ ಉಳಿಯುತ್ತದೆ.

ಕೊನೆಗೆ ನನ್ನ ತೀರ್ಮಾನ ಇಷ್ಟು. ಮೊದಲಿಗೆ ಎಂಟ್ರಿ ಗ್ರೇಡ್ ಗಂಡಮ್, ಆಮೇಲೆ ಇತ್ತೀಚಿನ ಅಚ್ಚಿನ ಒಂದೆರಡು ಹೈ ಗ್ರೇಡ್, ಕೈ ಪಳಗಿದ ಮೇಲೆ ಮಾಸ್ಟರ್ ಅಥವಾ ರಿಯಲ್. ಪರ್ಫೆಕ್ಟ್ ಗ್ರೇಡಿಗೆ ಅವಸರವಿಲ್ಲ. ಮಗುವಿಗೆ ಕಿಟ್ ಕೊಡಿಸಿದ ದಿನ ನೀವೂ ಪಕ್ಕದಲ್ಲಿ ಕೂತು ಒಂದು ಕೈಯನ್ನಾದರೂ ಜೋಡಿಸಿ. ವಸ್ತುಗಳು ಹೇಗೆ ತಯಾರಾಗುತ್ತವೆ ಎಂಬ ಕುತೂಹಲ ಮನೆಯಲ್ಲಿ ಹುಟ್ಟಲು ಇಷ್ಟು ಸಾಕು.