ನಿಮಗಿದು ಗೊತ್ತೇ? ಜಾಲತಾಣದ ಗುಟ್ಟು ವಿಳಾಸದ ಬಾಲದಲ್ಲಿದೆ

ಕುಕ್ಕೆ ಸುಬ್ರಹ್ಮಣ್ಯ ದೇವಸ್ಥಾನ ಇರುವುದು ಕಡಬ ತಾಲೂಕಿನಲ್ಲಿ. ರಾಜ್ಯದ ಧಾರ್ಮಿಕ ದತ್ತಿ ಇಲಾಖೆಯ ದೇವಸ್ಥಾನಗಳ ಪೈಕಿ ಆದಾಯದಲ್ಲಿ ವರ್ಷಗಳಿಂದ ಮುಂದಿರುವುದು ಇದೇ. ಇಲ್ಲಿನ ಸರ್ಪಸಂಸ್ಕಾರ ಎರಡು ದಿನದ ಸೇವೆಯಾದ್ದರಿಂದ ದೂರದ ಊರಿನವರು ಅದರ ವಿವರವನ್ನು ಮೊದಲು ಮೊಬೈಲಿನಲ್ಲೇ ಹುಡುಕುತ್ತಾರೆ. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಕಾಣುವ ಕೊಂಡಿ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತೂ ಆಗಿರಬಹುದು. ‘ಪ್ರಾಯೋಜಿತ’ ಎಂದು ಬರೆದಿರುತ್ತದೆ, ಆದರೆ ಹಲವರ ಕಣ್ಣಿಗೆ ಬೀಳುವುದಿಲ್ಲ. ಮೇಲೆ ಬಂದ ಮಾತ್ರಕ್ಕೆ ಅದು ಅಸಲಿ ಎಂದಾಗುವುದಿಲ್ಲ.

ಭಕ್ತರ ನಂಬಿಕೆ ಇರುವಲ್ಲೇ ನಕಲಿಗಳು ಹುಟ್ಟುತ್ತವೆ ಎಂಬುದಕ್ಕೆ ತಿರುಪತಿಯೇ ಸಾಕ್ಷಿ. 2023ರಲ್ಲಿ ಅಲ್ಲಿನ ಆಡಳಿತ ಸಂಸ್ಥೆ ಟಿಟಿಡಿ ದೂರು ಕೊಟ್ಟ ಒಂದು ನಕಲಿ ತಾಣದ ವಿಳಾಸ ನೋಡಿ: ‘ತಿರುಪತಿಬಾಲಾಜಿ-ಎಪಿ-ಗವ್ ಡಾಟ್ ಆರ್ಗ್’. ಆಗಿನ ಅಸಲಿ ವಿಳಾಸ ‘ತಿರುಪತಿಬಾಲಾಜಿ ಡಾಟ್ ಎಪಿ ಡಾಟ್ ಗವ್ ಡಾಟ್ ಇನ್’. ಚುಕ್ಕಿ ಇರಬೇಕಾದಲ್ಲಿ ಅಡ್ಡಗೆರೆ, ಕೊನೆಯಲ್ಲಿ ‘ಇನ್’ ಬದಲು ‘ಆರ್ಗ್’. ಅಷ್ಟೇ ವ್ಯತ್ಯಾಸ. ಪುಟದ ಬಣ್ಣ, ಚಿತ್ರ, ಲಾಂಛನಗಳನ್ನು ನಕಲು ಮಾಡಲು ಹೆಚ್ಚು ಹೊತ್ತು ಬೇಡ. ಹಾಗಾಗಿ ಪುಟದ ಚಂದ ನೋಡಿ ತೀರ್ಮಾನಿಸಬೇಡಿ.

ವಿಳಾಸ ಓದುವ ಕ್ರಮ ಒಂದಿದೆ. ಆರಂಭದ ‘ಎಚ್‌ಟಿಟಿಪಿಎಸ್’ ಮತ್ತು ಅದರ ಜೋಡಿ ಓರೆಗೆರೆಗಳನ್ನು ಬಿಡಿ. ಆಮೇಲೆ ಸಿಗುವ ಮೊದಲ ಓರೆಗೆರೆಯ ಬಳಿ ನಿಂತು ಎಡಕ್ಕೆ ಓದಿ. ಅಲ್ಲಿನ ಕೊನೆಯ ಎರಡು ಮೂರು ಪದಗಳೇ ತಾಣದ ನಿಜವಾದ ಒಡೆಯನನ್ನು ಹೇಳುತ್ತವೆ. ‘ಕರ್ನಾಟಕ ಡಾಟ್ ಗವ್ ಡಾಟ್ ಇನ್ ಡಾಟ್ ಅಬಕ ಡಾಟ್ ಟಾಪ್’ ಎಂಬ ವಿಳಾಸ ಬಂತು ಎಂದುಕೊಳ್ಳಿ. ಅದು ಕರ್ನಾಟಕ ಸರ್ಕಾರದ್ದಲ್ಲ, ‘ಅಬಕ ಡಾಟ್ ಟಾಪ್’ ಕೊಂಡವನದ್ದು. ಎಡಭಾಗದಲ್ಲಿ ಅವನು ಏನು ಬೇಕಾದರೂ ಬರೆದುಕೊಳ್ಳಬಹುದು. ಮೊಬೈಲಿನಲ್ಲಿ ಉದ್ದದ ವಿಳಾಸ ಅರ್ಧವೇ ಕಾಣುವುದರಿಂದ ವಿಳಾಸದ ಪಟ್ಟಿಯ ಮೇಲೆ ಒತ್ತಿ ಪೂರ್ತಿ ನೋಡಬೇಕು. ನಮ್ಮ ಕಡೆಯ ಹಳ್ಳಿಗಳಲ್ಲಿ ಸಿಗ್ನಲ್ ಸಿಕ್ಕಾಗಲೇ ಕೆಲಸ ಮುಗಿಸುವ ಆತುರ ಇರುತ್ತದೆ. ಆದರೂ ಈ ಅರ್ಧ ನಿಮಿಷವನ್ನು ಉಳಿಸಲು ಹೋಗಬೇಡಿ.

ವಿಳಾಸದ ನಡುವೆ ‘@’ ಚಿಹ್ನೆ ಬಂದರೆ? ಓರೆಗೆರೆಗೆ ಮುಂಚೆ ಅದು ಇದ್ದರೆ, ಅದರ ಎಡಕ್ಕಿರುವುದೆಲ್ಲ ಲೆಕ್ಕಕ್ಕಿಲ್ಲ. ಬ್ರೌಸರ್ ಹೋಗುವುದು ಬಲಕ್ಕಿರುವ ತಾಣಕ್ಕೆ.

‘ಗವ್ ಡಾಟ್ ಇನ್’ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ಪಹಣಿ ಸಿಗುವ ಭೂದಾಖಲೆಯ ತಾಣ, ಆಧಾರ್, ಪರಿವಾಹನ್ ಎಲ್ಲವೂ ಈ ಬಾಲದವೇ. ಬರೀ ‘ಡಾಟ್ ಇನ್’, ‘ಡಾಟ್ ಕಾಮ್’, ‘ಡಾಟ್ ಆರ್ಗ್’ ಹಾಗಲ್ಲ, ಯಾರು ಬೇಕಾದರೂ ಕೊಳ್ಳಬಹುದು. ‘ಆರ್ಗ್’ ಎಂದರೆ ಸೇವಾಸಂಸ್ಥೆ ಎಂದು ನಂಬಿದವರು ಬಹಳ. ಅಂಥ ಕಟ್ಟುಪಾಡು ಏನೂ ಇಲ್ಲ.

ಗಲ್ಫ್‌ಗೆ ಹೊರಡುವವರು ಇದನ್ನು ಮರೆಯಬಾರದು. ಪಾಸ್‌ಪೋರ್ಟ್ ಅರ್ಜಿಗೆ ಇರುವ ಸರ್ಕಾರಿ ತಾಣ ‘ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಗವ್ ಡಾಟ್ ಇನ್’. ವಿದೇಶಾಂಗ ಇಲಾಖೆ ನಕಲಿ ಎಂದು ಹೆಸರಿಸಿ ಎಚ್ಚರಿಸಿದವುಗಳಲ್ಲಿ ‘ಇಂಡಿಯಾಪಾಸ್‌ಪೋರ್ಟ್ ಡಾಟ್ ಆರ್ಗ್’, ‘ಪಾಸ್‌ಪೋರ್ಟ್-ಇಂಡಿಯಾ ಡಾಟ್ ಇನ್’ ಇವೆ. ಅವೇ ಎರಡು ಪದ, ಹಿಂದುಮುಂದು ಮಾಡಿದ್ದು ಅಥವಾ ನಡುವೆ ಗೆರೆ ಎಳೆದದ್ದು.

ಹಾಗೆಂದು ‘ಗವ್’ ಇಲ್ಲದ್ದೆಲ್ಲ ಸುಳ್ಳೂ ಅಲ್ಲ. ಸುಳ್ಯದಿಂದ ಕಾಸರಗೋಡಿಗೆ ಹೋಗುವವರಿಗೆ ಎರಡು ರಾಜ್ಯಗಳ ಕೆಎಸ್‌ಆರ್‌ಟಿಸಿಯೂ ಗೊತ್ತು. ಕೇರಳದ್ದರ ಟಿಕೆಟ್ ತಾಣ ‘ಆನ್‌ಲೈನ್‌ಕೆಎಸ್‌ಆರ್‌ಟಿಸಿಸ್ವಿಫ್ಟ್ ಡಾಟ್ ಕಾಮ್’. ಹೆಸರು ಕೇಳಿದರೆ ಅನುಮಾನ ಬರುತ್ತದೆ, ಆದರೆ ಅದು ಅಸಲಿಯೇ. 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ವಾಹನಗಳಿಗೆ ಎಚ್‌ಎಸ್‌ಆರ್‌ಪಿ ಎಂಬ ಭದ್ರತಾ ನಂಬರ್ ಫಲಕ ಕಡ್ಡಾಯವಾದಾಗಲೂ ಹೀಗೇ ಆಯಿತು. ಫಲಕ ಒದಗಿಸುವವರು ಖಾಸಗಿಯವರು, ಅವರ ತಾಣಗಳಲ್ಲಿ ‘ಡಾಟ್ ಕಾಮ್’ಗಳೂ ಇವೆ. ಆ ಸಂದಿಯಲ್ಲೇ ನಕಲಿಗಳು ನುಸುಳಿದವು. ಸಾರಿಗೆ ಇಲಾಖೆ ತನ್ನ ತಾಣದ ಮೂಲಕವೇ ಒಳಹೋಗಿ ಎಂದು ಹೇಳಿತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಭದ್ರವಾದ ದಾರಿ ಇದೇ: ಖಾತ್ರಿ ಇರುವ ಸರ್ಕಾರಿ ಪುಟದಿಂದ ಖಾಸಗಿ ಪುಟಕ್ಕೆ ಹೋಗುವುದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೊಂಡಿ ಒತ್ತಿ ಹೋಗಬಾರದು.

ಬ್ಯಾಂಕುಗಳಿಗೆಂದೇ ಈಗ ಪ್ರತ್ಯೇಕ ಬಾಲ ಬಂದಿದೆ: ‘ಬ್ಯಾಂಕ್ ಡಾಟ್ ಇನ್’. 2025ರ ಅಕ್ಟೋಬರ್ 31ರೊಳಗೆ ಇದಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳೂ ಅದರಲ್ಲಿ ಸೇರಿವೆ. ಹೆಸರು ನೋಂದಾಯಿಸಿ ಕೊಡುವುದು ಹೈದರಾಬಾದಿನ ಐಡಿಆರ್‌ಬಿಟಿ ಎಂಬ ಸಂಸ್ಥೆ ಒಂದೇ. ‘ಎಕ್ಸ್‌ವೈಝಡ್‌ಬ್ಯಾಂಕ್ ಡಾಟ್ ಇನ್’ ಬೇರೆ, ‘ಎಕ್ಸ್‌ವೈಝಡ್ ಡಾಟ್ ಬ್ಯಾಂಕ್ ಡಾಟ್ ಇನ್’ ಬೇರೆ. ನಡುವಿನ ಚುಕ್ಕಿ ನೋಡಲೇಬೇಕು. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ ಬ್ಯಾಂಕ್ ಅಲ್ಲದ ಕಾರಣ ಅದಕ್ಕೆ ಈ ಬಾಲ ಇರುವುದಿಲ್ಲ.

ಬೀಗದ ಚಿತ್ರ ಇದ್ದರೆ ತಾಣ ಸಾಚಾ ಎಂದು ಇನ್ನೂ ಹೇಳಿಕೊಡುವವರಿದ್ದಾರೆ. ಅದು ತಪ್ಪು. ನೀವು ಕಳಿಸಿದ ಮಾಹಿತಿ ದಾರಿಯಲ್ಲಿ ಬೇರೆಯವರಿಗೆ ಸಿಗುವುದಿಲ್ಲ ಎಂದಷ್ಟೇ ಅದರ ಅರ್ಥ. ತಲಪುವುದು ಕಳ್ಳನಿಗಾದರೆ ಕಳ್ಳನಿಗೇ ಭದ್ರವಾಗಿ ತಲಪುತ್ತದೆ. ಬೀಗ ಕಾಣಿಸಲು ಬೇಕಾದ ಪ್ರಮಾಣಪತ್ರ ಈಗ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆ ಎಂಬ ಕಾರಣಕ್ಕೇ ಗೂಗಲ್ 2023ರಲ್ಲಿ ತನ್ನ ಬ್ರೌಸರ್ ಕ್ರೋಮ್‌ನ ವಿಳಾಸದ ಪಟ್ಟಿಯಿಂದ ಬೀಗದ ಚಿತ್ರವನ್ನು ತೆಗೆದುಹಾಕಿತು.

ಕಣ್ಣಿಗೇ ಮೋಸ ಮಾಡುವ ಅಕ್ಷರಗಳಿವೆ. 2017ರಲ್ಲಿ ಒಬ್ಬ ಸಂಶೋಧಕ ರಷ್ಯನ್ ಭಾಷೆಯ ಸಿರಿಲಿಕ್ ಲಿಪಿಯ ಅಕ್ಷರಗಳಿಂದ ‘ಆ್ಯಪಲ್ ಡಾಟ್ ಕಾಮ್’ ಎಂದೇ ಕಾಣುವ ವಿಳಾಸ ಮಾಡಿ ತೋರಿಸಿದ. ಆಮೇಲೆ ಕ್ರೋಮ್ ತನ್ನನ್ನು ತಿದ್ದಿಕೊಂಡಿತು. ಬ್ರೌಸರನ್ನು ಆಗಾಗ ಅಪ್‌ಡೇಟ್ ಮಾಡಿ ಎನ್ನುವುದು ಇಂಥದ್ದಕ್ಕೇ.

ಕನ್ನಡದಲ್ಲಿ ತಪ್ಪುಗಳಿದ್ದರೆ ನಕಲಿ ಎಂಬ ಹಳೆಯ ಗುರುತು ಈಗ ನಡೆಯುವುದಿಲ್ಲ. ಯಂತ್ರಗಳೇ ಶುದ್ಧ ಕನ್ನಡ ಬರೆಯುತ್ತಿವೆ.

ತಾಣ ಹುಟ್ಟಿದ ದಿನವನ್ನು ‘ಹೂ ಈಸ್’ ದಾಖಲೆಯಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಎಷ್ಟೋ ವರ್ಷದ ಹಳೆಯ ಸಂಸ್ಥೆ ಎಂದು ಹೇಳಿಕೊಳ್ಳುವ ತಾಣ ಹೋದ ತಿಂಗಳು ಹುಟ್ಟಿದ್ದರೆ ದುಡ್ಡು ಹಾಕಬೇಡಿ.

ದುಡ್ಡು ಹಾಕುವ ಕೊನೆಯ ಗಳಿಗೆಯಲ್ಲೂ ಒಂದು ಪರೀಕ್ಷೆ ಉಳಿದಿರುತ್ತದೆ. 2025ರ ಜೂನ್ 30ರಿಂದ ಯುಪಿಐ ಆ್ಯಪ್‌ಗಳು ಹಣ ಪಡೆಯುವವನ ಬ್ಯಾಂಕ್ ದಾಖಲೆಯ ಹೆಸರನ್ನೇ ತೋರಿಸಬೇಕು. ದೇವಸ್ಥಾನದ ಸೇವೆಗೋ ಕಾಲೇಜಿನ ಶುಲ್ಕಕ್ಕೋ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಯಾರೋ ವ್ಯಕ್ತಿಯ ಹೆಸರು ಬಂದರೆ ಅಲ್ಲೇ ನಿಲ್ಲಿಸಿ. ಕಚೇರಿಗೆ ಕರೆ ಮಾಡಿ ಕೇಳಿ, ಆದರೆ ಅದೇ ತಾಣದಲ್ಲಿ ಕೊಟ್ಟ ನಂಬರಿಗಲ್ಲ.

ಹಣ ಹೋಗಿಬಿಟ್ಟಿದ್ದರೆ 1930ಕ್ಕೆ ಕರೆ ಮಾಡಿ, ಅಥವಾ ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ನಲ್ಲಿ ದೂರು ಕೊಡಿ. ಹಣ ಖಾತೆಯಿಂದ ಖಾತೆಗೆ ದಾಟಿ ಕೈಬಿಡುವ ಮೊದಲು ದೂರು ತಲಪಿದರೆ ತಡೆಹಿಡಿಯುವ ವ್ಯವಸ್ಥೆ ಬ್ಯಾಂಕುಗಳ ನಡುವೆ ಇದೆ. ವ್ಯವಹಾರದ ಸಂಖ್ಯೆ, ಪುಟದ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ. ನಾಲ್ಕು ಜನಕ್ಕೆ ಗೊತ್ತಾದರೆ ಏನೆಂದುಕೊಳ್ಳುತ್ತಾರೋ ಎಂದು ಮುಚ್ಚಿಟ್ಟು ಕೂರಬೇಡಿ. ಮನೆಯ ಹಿರಿಯರ ಮೊಬೈಲಿನಲ್ಲಿ 1930 ನಂಬರನ್ನು ಇವತ್ತೇ ಉಳಿಸಿಕೊಡಿ.