ಒಂದೇ ಲೇಖನ, ಹತ್ತು ಸೈಟು: ಗೂಗಲ್ ಯಾವುದನ್ನು ತೋರಿಸುತ್ತೆ?

ಕಷ್ಟಪಟ್ಟು ಬರೆದ ಲೇಖನವನ್ನು ನಿಮ್ಮ ವೆಬ್‌ಸೈಟಿಗೂ ಹಾಕಿ, ಇನ್ನೂ ಹತ್ತು ಕಡೆ ಹಾಗೇ ಕಳಿಸಿದ್ದೀರಾ? ಹಾಗಾದ್ರೆ ಹುಡುಕಿದಾಗ ಕಾಣೋದು ನಿಮ್ಮ ಪುಟವೇ ಆಗಬೇಕು ಅಂತೇನಿಲ್ಲ.

ಹೆದರಬೇಡಿ, ಅದೇ ಬರಹ ಇನ್ನೊಂದು ಕಡೆ ಇದೆ ಅನ್ನೋ ಒಂದೇ ಕಾರಣಕ್ಕೆ ಗೂಗಲ್ ದಂಡ ಹಾಕಲ್ಲ. ಒಂದೇ ಥರದ ಪುಟಗಳನ್ನು ಗುಂಪು ಮಾಡಿ, ಒಂದನ್ನು ಮೂಲ ಅಂತ ಆರಿಸಿಕೊಂಡು, ಸಾಮಾನ್ಯವಾಗಿ ಅದನ್ನಷ್ಟೇ ತೋರಿಸುತ್ತೆ. ಆ ಒಂದು, ನಿಮಗಿಂತ ದೊಡ್ಡ ಸೈಟಿನದ್ದೂ ಆಗಬಹುದು. ಬರೆದವರು ನೀವು, ಓದುಗರು ಅವರಿಗೆ. ನನ್ನ ಪ್ರಕಾರ ಇದು ದಂಡಕ್ಕಿಂತ ದೊಡ್ಡ ನಷ್ಟ.

ಹಿಂದೆ ಲೇಖನಗಳನ್ನು ರಾಶಿ ಹಾಕೋಕೇ ಅಂತ ಸೈಟುಗಳಿದ್ದವು. ಲಿಂಕ್ ಸಿಗಲಿ ಅಂತ ಒಂದೇ ಬರಹವನ್ನು ಎಲ್ಲದಕ್ಕೂ ಸುರಿಯೋರು. ಪದಗಳನ್ನಷ್ಟೇ ಬದಲಿಸಿ ಹೊಸದೆಂದು ತೋರಿಸೋ ಸಾಫ್ಟ್‌ವೇರೂ ಬಂತು. 2011ರ ಫೆಬ್ರವರಿಯಲ್ಲಿ ಗೂಗಲ್ ತಂದ ಪಾಂಡಾ ಅಪ್‌ಡೇಟ್, ಈಜೈನ್‌ಆರ್ಟಿಕಲ್ಸ್‌ನಂಥ ಲೇಖನ ಸೈಟುಗಳನ್ನು ಹುಡುಕಾಟದಲ್ಲಿ ಕೆಳಕ್ಕೆ ತಳ್ಳಿತು.

ಈಗ ಏನು ಮಾಡೋದು? ಮೊದಲು ನಿಮ್ಮ ಸೈಟಲ್ಲೇ ಪ್ರಕಟಿಸಿ. ಗೂಗಲ್ ಅದನ್ನು ಇಂಡೆಕ್ಸ್ ಮಾಡಿದೆಯಾ, ಅಂದ್ರೆ ತನ್ನ ಪಟ್ಟಿಗೆ ಸೇರಿಸಿದೆಯಾ ಅಂತ ಅದರದ್ದೇ ಸರ್ಚ್ ಕನ್ಸೋಲ್‌ನಲ್ಲಿ ನೋಡಿ. ಅದೇ ಲೇಖನವನ್ನು ಬೇರೆಯವರು ಹಾಕ್ತೀವಿ ಅಂದ್ರೆ, ಅವರ ಪುಟಕ್ಕೆ ‘ಇದನ್ನು ಹುಡುಕಾಟದಲ್ಲಿ ತೋರಿಸಬೇಡಿ’ ಅನ್ನೋ ನೋಇಂಡೆಕ್ಸ್ ಟ್ಯಾಗ್ ಹಾಕೋಕೆ ಕೇಳಿ. ಮೂಲ ಪುಟ ಯಾವುದು ಅಂತ ತಿಳಿಸೋ ಕೆನಾನಿಕಲ್ ಟ್ಯಾಗ್ ಸಾಕು ಅಂತ ಹಲವರು ಹೇಳ್ತಾರೆ. ಅದು ಬರೀ ಸೂಚನೆ, ಗೂಗಲ್ ಪಾಲಿಸಲೇಬೇಕು ಅಂತಿಲ್ಲ.

ಇನ್ನೂ ಒಳ್ಳೇದು, ಅವರಿಗೆ ಬೇರೆಯದನ್ನೇ ಬರೆದುಕೊಡಿ. ನಿಮ್ಮ ಸೈಟಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಪೂರ್ತಿ ಬರೆದಿದ್ರೆ, ಅವರಿಗೆ ಆ ರೋಗಕ್ಕೆ ಸಿಂಪಡಿಸೋ ಬೋರ್ಡೋ ದ್ರಾವಣ ತಯಾರಿಸೋದನ್ನು ಮಾತ್ರ ಬಿಡಿಸಿ ಬರೆದು, ನಿಮ್ಮ ಲೇಖನಕ್ಕೆ ಲಿಂಕ್ ಕೊಡಿ.