ಕಾಲೇಜು ಅಧ್ಯಾಪಕರು ಮತ್ತು ವಿದ್ಯಾರ್ಥಿ ಸಂಶೋಧನೆ: ಹಳೆಯ ಮೈಸೂರಿನ ಒಂದು ಮಾದರಿ

ಕನ್ನಡ ಸಂಶೋಧನೆಯ ಚರಿತ್ರೆಯನ್ನು ಸಾಮಾನ್ಯವಾಗಿ ಗ್ರಂಥಗಳ ಹಾಗೂ ವಿದ್ವಾಂಸರ ಹೆಸರುಗಳ ಮೂಲಕ ನಿರೂಪಿಸಲಾಗುತ್ತದೆ. ಆ ವಿದ್ವಾಂಸರಿಗೆ ವಿದ್ಯಾರ್ಥಿದೆಸೆಯಲ್ಲಿ ದೊರೆತ ಆಸರೆಯ ಸ್ವರೂಪವೂ ಅಷ್ಟೇ ವಿಚಾರಾರ್ಹವಾದುದು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಬಳಿಕ, 1960ರಲ್ಲಿ ಮಾನಸಗಂಗೋತ್ರಿ ರೂಪುಗೊಳ್ಳುವವರೆಗೆ, ಉನ್ನತ ವ್ಯಾಸಂಗವು ಬಹುಮಟ್ಟಿಗೆ ಕಾಲೇಜುಗಳಲ್ಲಿಯೇ ನಡೆಯಿತು. ಹೀಗಾಗಿ ಕಾಲೇಜಿನ ಅಧ್ಯಾಪಕರೇ ಸಂಶೋಧನೆಯ ಮೊದಲ ಮಾರ್ಗದರ್ಶಕರಾಗಿದ್ದರು.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1927ರಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಟಿ.ಎಸ್. ವೆಂಕಣ್ಣಯ್ಯನವರ ಶಿಷ್ಯರಾಗಿದ್ದ ಕುವೆಂಪು 1929ರಲ್ಲಿ ಆ ಪದವಿಯನ್ನು ಪಡೆದು ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು. ವೆಂಕಣ್ಣಯ್ಯನವರು 1939ರಲ್ಲಿ ನಿಧನರಾದರು. ಒಂದು ದಶಕದ ಅನಂತರ ಪ್ರಕಟವಾದ ‘ಶ್ರೀ ರಾಮಾಯಣ ದರ್ಶನಂ’ ಅವರಿಗೇ ಅರ್ಪಿತವಾಗಿದೆ. ಗುರುಶಿಷ್ಯ ಸಂಬಂಧವು ಪರೀಕ್ಷೆಯೊಂದಿಗೆ ಮುಗಿಯುತ್ತಿರಲಿಲ್ಲ ಎಂಬುದಕ್ಕೆ ಇದೊಂದು ಸಾಕ್ಷ್ಯ.

ಈ ಸಂಬಂಧಕ್ಕೆ ಎರಡು ಆಧಾರಗಳಿದ್ದವು. ಮೊದಲನೆಯದು ಹಸ್ತಪ್ರತಿ ಭಂಡಾರ. 1891ರಲ್ಲಿ ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಯು ಮಹಾರಾಜ ಕಾಲೇಜಿಗೆ ಸಮೀಪದಲ್ಲಿಯೇ ಇತ್ತು. ಓಲೆಗರಿಯಲ್ಲಿ ಪದಗಳ ನಡುವೆ ತೆರವು ಇರುವುದಿಲ್ಲ. ಹಳೆಯ ಬರವಣಿಗೆಯಲ್ಲಿ ಎಕಾರ, ಒಕಾರಗಳ ಹ್ರಸ್ವದೀರ್ಘ ಭೇದವು ಅನೇಕ ವೇಳೆ ಕಾಣದು. ಲಿಪಿಕಾರನ ಪ್ರಮಾದ ಯಾವುದು, ಕವಿಪಾಠ ಯಾವುದು ಎಂಬ ನಿರ್ಣಯಕ್ಕೆ ಛಂದಸ್ಸು, ವ್ಯಾಕರಣ, ಅರ್ಥ, ಪ್ರತಿಗಳ ಪರಸ್ಪರ ಸಂಬಂಧ ಇವೆಲ್ಲವೂ ಬೇಕು. ಇಂತಹ ವಿವೇಕವು ಕೇವಲ ಉಪನ್ಯಾಸದಿಂದ ಬರತಕ್ಕದ್ದಲ್ಲ. ಬಲ್ಲವರೊಡನೆ ಕುಳಿತು ಪ್ರತಿಗಳನ್ನು ಹೋಲಿಸಿದಾಗ ಮಾತ್ರ ಅದು ಕೈಗೂಡುತ್ತದೆ. ಈ ಗ್ರಂಥಾಲಯದಲ್ಲಿ ದುಡಿದು ಬಳಿಕ ಅಧ್ಯಾಪಕರಾದ ಡಿ.ಎಲ್. ನರಸಿಂಹಾಚಾರ್ಯರು 1949ರಲ್ಲಿ ‘ವಡ್ಡಾರಾಧನೆ’ಯನ್ನು ಸಂಪಾದಿಸಿದರು. 1964ರ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಆ ವಿದ್ಯೆಯನ್ನು ಮುಂದಿನವರಿಗಾಗಿ ಶಾಸ್ತ್ರವಾಗಿ ನಿರೂಪಿಸಿದರು. ಕೈಯಿಂದ ಕೈಗೆ ಬರುತ್ತಿದ್ದ ತಿಳಿವಳಿಕೆಗೆ ಹೀಗೆ ಪಠ್ಯದ ರೂಪ ದೊರೆಯಿತು.

ಎರಡನೆಯ ಆಧಾರ ಸಂಘ ಮತ್ತು ಪತ್ರಿಕೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ಕರ್ನಾಟಕ ಸಂಘದಿಂದ ‘ಪ್ರಬುದ್ಧ ಕರ್ನಾಟಕ’ ಹೊರಟಿತು. ಮುಂದೆ ಅದು ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಬಂದಿತು. ಕಾಲೇಜಿನ ಸಂಘವೊಂದು ಇಂತಹ ಪತ್ರಿಕೆಯನ್ನು ನಡೆಸಿದುದರ ಫಲ ದೊಡ್ಡದು. ತರುಣ ಬರಹಗಾರನ ಲೇಖನವು ಅಂಕಗಳಿಗೆ ಸೀಮಿತವಾಗದೆ ವಿದ್ವತ್ಸಮುದಾಯದ ವಿಮರ್ಶೆಗೆ ಒಳಪಡುವ ದಾರಿ ಇದರಿಂದ ತೆರೆಯಿತು.

ಇಂದು ಮಾರ್ಗದರ್ಶನವು ನಿಯಮಬದ್ಧವಾಗಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮಾವಳಿಯಂತೆ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮೀರದಂತೆ ಮಾರ್ಗದರ್ಶನ ನೀಡಬಹುದು. ಈ ಮಿತಿ ಅವಶ್ಯಕವೇ ಹೌದು. ಆದರೆ ಅದು ಮಾರ್ಗದರ್ಶನದ ಪ್ರಮಾಣವನ್ನು ನಿಯಂತ್ರಿಸಬಲ್ಲುದೇ ಹೊರತು ಗುಣವನ್ನು ನಿರ್ಮಿಸಲಾರದು. ಹಸ್ತಪ್ರತಿ, ಶಾಸನ, ಕಡತ ಮುಂತಾದ ಮೂಲಸಾಮಗ್ರಿಯ ಮುಂದೆ ಗುರುಶಿಷ್ಯರಿಬ್ಬರೂ ಕುಳಿತುಕೊಳ್ಳಲು ವೇಳಾಪಟ್ಟಿಯಲ್ಲಿ ಅವಕಾಶವಿಲ್ಲದಿದ್ದರೆ, ವಿದ್ಯಾರ್ಥಿಯು ಅನ್ಯರ ತೀರ್ಮಾನಗಳನ್ನು ಸಂಕಲಿಸುವುದರಲ್ಲಿಯೇ ಉಳಿಯುತ್ತಾನೆ. ಪದವಿ ತರಗತಿಗಳಲ್ಲಿಯೇ ಈ ಸಹದುಡಿಮೆಗೆ ಎಡೆ ಕಲ್ಪಿಸಿ, ಕಾಲೇಜು ಗ್ರಂಥಾಲಯ ಹಾಗೂ ಪತ್ರಿಕೆಗಳನ್ನು ಅದರೊಡನೆ ಬೆಸೆಯುವುದು ಹಳೆಯ ಮೈಸೂರಿನ ಮಾದರಿಯಿಂದ ಇಂದಿಗೂ ಗ್ರಹಿಸಬಹುದಾದ ಪಾಠವಾಗಿದೆ.